ಕಿವಿ ನೋಡಿ ಕೊಟ್ಟ ಗೋರಿ

"ಯಾರ ಜೊತೆಗೆ?" ಎಂದು ಕನ್ಸೆಪ್ಟಾ ಅರ್ಲಿ ಕೇಳಿದ್ದೇ ಎಲ್ಲಕ್ಕೂ ಮೂಲ.

ಆಗ ಬೆಳಿಗ್ಗೆ ಒಂಬತ್ತು ಗಂಟೆ, ಭಾನುವಾರ. ಕನ್ಸೆಪ್ಟಾಳ ಕೈಯಲ್ಲಿ ಬೆಣ್ಣೆ ಹಚ್ಚುವ ಚಾಕು ಇತ್ತು, ಮುಂದೆ ಬ್ರೆಡ್ಡಿನ ಗುಡ್ಡ. ಒಳಕೋಣೆಯಲ್ಲಿ ಫಿಂಟನ್ ಟೂಹಿಯ ತಾಯಿ ಡೀಲಿಯಾ, ಎಪ್ಪತ್ತೊಂಬತ್ತು ವರ್ಷ, ಶವಪೆಟ್ಟಿಗೆಯಲ್ಲಿ ಮಲಗಿದ್ದಳು. ಶುಕ್ರವಾರ ಸಂಜೆ ತೀರಿಕೊಂಡವಳು. ಸೋಮವಾರ ಹನ್ನೊಂದಕ್ಕೆ ಚರ್ಚಿನಲ್ಲಿ ಪೂಜೆ, ಆಮೇಲೆ ಮಣ್ಣು. ಫಿಂಟನ್ ಹೇಳಿದ್ದು ಇಷ್ಟೇ: ಅಮ್ಮನನ್ನು ಕೆರೆ ದಂಡೆಯ ಹಳೇ ಸ್ಮಶಾನಕ್ಕೆ ಒಯ್ಯಬೇಕು ಅಂತಿದ್ದೇನೆ.

ಲೀಟ್ರಿಮ್ ಕೌಂಟಿಯ ಕಿಲ್‌ನಾಡೆರಿಯಲ್ಲಿ ಸ್ಮಶಾನಗಳು ಎರಡು. ಹಳೆಯದು ಕೆರೆಯ ಪಕ್ಕದ ದಿಬ್ಬದ ಮೇಲೆ, ಒಣನೆಲ ಎಂದು ಹೆಸರಾದದ್ದು. ಅಲ್ಲಿ ಯಾರ ಪೂರ್ವಿಕರಾದರೂ ಕೆಳಗಿದ್ದರೆ ಅವರ ಮೇಲೆ ಇವರು ಮಲಗಬಹುದು. ಹೊಸ ಗೋರಿಗೆ ಅವಕಾಶವಿಲ್ಲ. ಹೊಸ ಸ್ಮಶಾನವನ್ನು 1971ರಲ್ಲಿ ಕೌಂಟಿ ಆಡಳಿತದವರು ಜೌಗು ನೆಲದಲ್ಲಿ ಮಾಡಿಕೊಟ್ಟರು. ಎಲ್ಲಿಂದಲೋ ಬಂದು ಊರಲ್ಲಿ ನೆಲೆಸಿದವರಿಗೆಲ್ಲ ಅದೇ ಗತಿ. ಅಲ್ಲಿ ಹೂಳುತ್ತಾರೆ ಅನ್ನುವುದಕ್ಕಿಂತ ತೇಲಿಬಿಡುತ್ತಾರೆ ಅನ್ನುವುದು ಸರಿ. ಆರು ವರ್ಷದ ಹಿಂದೆ ನಿವೃತ್ತ ಮೇಷ್ಟರೊಬ್ಬರ ಪೆಟ್ಟಿಗೆಯನ್ನು ಇಳಿಸಿದಾಗ ಅದು ಎರಡು ಸಲ ಮೇಲೆ ಬಂತು. ಪಾದ್ರಿಯ ಪ್ರಾರ್ಥನೆ ಮುಗಿಯುವವರೆಗೆ ಇಬ್ಬರು ಸಲಿಕೆಯಿಂದ ಒತ್ತಿ ಹಿಡಿದಿದ್ದರು.

ಡೀಲಿಯಾ ಅದನ್ನು ಕಣ್ಣಾರೆ ಕಂಡಿದ್ದಳು. ವಾಪಸು ಬರುವಾಗ ಮಗನಿಗೆ, ನಲವತ್ತು ವರ್ಷ ಈ ಊರಿನ ತೇವವನ್ನು ಗೋಡೆಯಲ್ಲಿ, ಹಾಸಿಗೆಯಲ್ಲಿ, ಮಂಡಿಯಲ್ಲಿ ಸಹಿಸಿದ್ದೇನೆ, ಸತ್ತಮೇಲೂ ನೆನೆಯಲಾರೆ ಎಂದಿದ್ದಳು. ಕಳೆದ ಮಂಗಳವಾರ ಅವನ ಕೈಹಿಡಿದು ಮತ್ತೆ ಭಾಷೆ ತೆಗೆದುಕೊಂಡಿದ್ದಳು. ಗಂಡನ ಗೋರಿ ದೂರದ ಕ್ಲೇರ್ ಕೌಂಟಿಯಲ್ಲಿತ್ತು. ಅದೇ ಗೋರಿಯಲ್ಲಿ ಅವಳ ಅತ್ತೆಯೂ ಇದ್ದುದರಿಂದ ಆ ಮಾತೇ ಎತ್ತುವ ಹಾಗಿರಲಿಲ್ಲ.

ಟೂಹಿಗಳು ಕ್ಲೇರ್‌ನವರು. 1948ರಲ್ಲಿ ಅಪ್ಪ ಹಾಲಿನ ಡೈರಿಯ ಮ್ಯಾನೇಜರ್ ಆಗಿ ಬಂದಾಗ ಫಿಂಟನ್‌ಗೆ ನಾಲ್ಕು ವರ್ಷ. ಈಗ ಐವತ್ತು. ಅದರಲ್ಲಿ ಇಪ್ಪತ್ತೆಂಟು ವರ್ಷ ಇದೇ ಊರಿನ ಅಂಚೆಯವನು. ಯಾವ ಮನೆಯ ನಾಯಿ ಯಾವ ಕಾಲಿಗೆ ಬಾಯಿ ಹಾಕುತ್ತದೆ ಎಂಬುದೂ ಅವನಿಗೆ ಗೊತ್ತು. ಜುಲೈಯಲ್ಲಿ ಲೀಟ್ರಿಮ್ ಫುಟ್‌ಬಾಲ್ ತಂಡ ಅರವತ್ತೇಳು ವರ್ಷದ ಮೇಲೆ ಕಪ್ ಗೆದ್ದಾಗ ಊರಲ್ಲಿ ಮೊದಲು ಹಸಿರು-ಹಳದಿ ಬಾವುಟ ಕಟ್ಟಿದ್ದು ಅವನ ಗೇಟಿಗೆ. ಆ ಬಾವುಟದ ಕೆಳಗೇ ನಿಂತು ಜನ ಅವನನ್ನು, "ನಿಮ್ಮ ಕ್ಲೇರ್‌ನವರು ಈ ಸಲ ಹೇಗೆ?" ಎಂದು ಕೇಳಿ ಹೋಗಿದ್ದರು.

ಕನ್ಸೆಪ್ಟಾ ಹಳೇ ಸ್ಮಶಾನ ಸಮಿತಿಯ ಕಾರ್ಯದರ್ಶಿ. ಅವಳ ಪ್ರಶ್ನೆಯಲ್ಲಿ ಕೊಂಕೇನೂ ಇರಲಿಲ್ಲ. ಚಹಾಕ್ಕೆ ಸಕ್ಕರೆ ಎಷ್ಟು ಎಂದು ಕೇಳುವ ಹಾಗೆ ಕೇಳಿದ್ದಳು. ಇಪ್ಪತ್ತೆಂಟು ವರ್ಷದಲ್ಲಿ ಒಂದು ಪೋಸ್ಟ್‌ಕಾರ್ಡನ್ನೂ ತಪ್ಪು ಮನೆಗೆ ಹಾಕದ ಫಿಂಟನ್ ಆ ಕ್ಷಣದಲ್ಲಿ ಸುಳ್ಳು ಹೇಳಿದ.

"ಅಮ್ಮನ ಅಜ್ಜಿ ಈ ಕಡೆಯವಳು."

ಚಾಕು ನಿಂತಿತು. ಯಾವ ಅಜ್ಜಿ, ಯಾವ ಮನೆ ಎಂದು ಕನ್ಸೆಪ್ಟಾ ವಿಚಾರಿಸಿದಳು. ಹೆಸರು ಮರೆತುಹೋಗಿದೆ ಅಂದ ಫಿಂಟನ್. ಕಿಲ್‌ನಾಡೆರಿಯಲ್ಲಿ ಒಬ್ಬ ತನ್ನ ಮದುವೆಯ ದಿನ ಮರೆಯಬಹುದು, ಅಜ್ಜಿಯ ಅಮ್ಮನ ತವರನ್ನು ಮರೆಯುವಂತಿಲ್ಲ. ದುಃಖದಲ್ಲಿ ಹೀಗಾಗಿದೆ ಎಂದು ಅವಳು ಕನಿಕರಪಟ್ಟು, ಚಾಕುವನ್ನು ಒರಸಿಟ್ಟು, "ಜೇಮ್ಸಿನ ಕೇಳೋಣ ಬಾ" ಎಂದಳು.

ಜೇಮ್ಸಿ ಮೆಕ್‌ವೀನಿಗೆ ಎಂಬತ್ತನಾಲ್ಕು. ಸಾವಿನ ಮನೆಗಳಲ್ಲಿ ಒಲೆಯ ಪಕ್ಕದ ಕುರ್ಚಿ ಅವನದೇ, ಇಲ್ಲೂ ಅದರಲ್ಲೇ ಕೂತಿದ್ದ. ಚರ್ಚಿನ ಹಳೇ ದಾಖಲೆ ಪುಸ್ತಕಗಳು ತೇವಕ್ಕೆ ಅಂಬಲಿಯಾಗಿ ಬಹಳ ಕಾಲವಾಗಿತ್ತು. ಹಾಗಾಗಿ ಊರಿನ ವಂಶಾವಳಿ ಎಲ್ಲ ಇದ್ದದ್ದು ಜೇಮ್ಸಿಯ ತಲೆಯಲ್ಲಿ. ಯಾರು ಯಾರಿಗೆ ಏನಾಗಬೇಕು ಎಂದು ಎಳೆ ಹಿಡಿದು ಹೇಳುವುದು ಅವನ ಕೆಲಸ, ಅದನ್ನು ಒಪ್ಪಿಕೊಳ್ಳುವುದು ಸಮಿತಿಯ ನಿಯಮ. ಬೇಸಿಗೆಯಲ್ಲಿ ಅಮೆರಿಕದವರು ಬೇರು ಹುಡುಕಿಕೊಂಡು ಬಂದರೆ ಸಂಜೆಯೊಳಗೆ ಅವರ ಕೈಗೊಬ್ಬ ಮುತ್ತಾತ ಮತ್ತು ಅವನು ಕಟ್ಟಿದ ಕಲ್ಲುಗೋಡೆ ಸಿಗುತ್ತಿತ್ತು. ಗೊತ್ತಿಲ್ಲ ಎಂಬ ಮಾತು ಜೇಮ್ಸಿಯ ಬಾಯಿಂದ ಬಂದದ್ದನ್ನು ಯಾರೂ ಕೇಳಿರಲಿಲ್ಲ.

ಅವನು ಫಿಂಟನ್‌ಗೆ ಕಿಟಕಿಯ ಬೆಳಕಿಗೆ ತಿರುಗಿ ನಿಲ್ಲು ಎಂದ. ಹಸು ಕೊಳ್ಳುವವನ ಹಾಗೆ ಮೇಲಿಂದ ಕೆಳಗೆ ನೋಡಿದ. ಬಲಗಿವಿ ಹಿಡಿದು ಎಳೆದ.

"ಗಿಲ್‌ಹೀನಿ," ಎಂದ. "ಡ್ರಮ್‌ಶೀಲ್ ಗುಡ್ಡದ ಗಿಲ್‌ಹೀನಿಗಳು. ಕಿವಿಯ ತುದಿ ಕೆನ್ನೆಗೆ ಅಂಟಿಕೊಂಡಿರುತ್ತೆ ನೋಡಿ. ಮೇರಿ ಗಿಲ್‌ಹೀನಿ 1879ರಲ್ಲಿ ಕ್ಲೇರ್‌ನ ಕುದುರೆ ವ್ಯಾಪಾರಿ ಒಬ್ಬನ ಮದುವೆಯಾಗಿ ಹೋದಳು. ಬಿಳಿ ಕುದುರೆ ಮೇಲೆ ಹೋದಳು."

ತನ್ನ ಕಿವಿ ಅಪ್ಪನ ಕಿವಿ ಎಂದು ಫಿಂಟನ್‌ಗೆ ಗೊತ್ತಿತ್ತು. ಗೋಡೆಯ ಮೇಲಿನ ಫೋಟೋದಲ್ಲಿ ಅಪ್ಪ ಎರಡೂ ಕಿವಿ ತೋರಿಸಿಕೊಂಡು ಕೂತಿದ್ದ. ಆದರೆ ಯಾರೂ ಗೋಡೆ ನೋಡಲಿಲ್ಲ, ಎಲ್ಲರೂ ಒಳಕೋಣೆಗೆ ಹೋದರು. ಬದುಕಿದ್ದಾಗ ಅಡುಗೆಮನೆಯ ಬೀರು ತೆರೆಯಲೂ ನೆರೆಯವರನ್ನು ಬಿಡದಿದ್ದ ಡೀಲಿಯಾಳ ಕಿವಿಗಳನ್ನು ಹನ್ನೊಂದು ಜನ ಸಾಲಾಗಿ ಬಂದು ಪರೀಕ್ಷಿಸಿದರು. ಅವಳ ಕಿವಿತುದಿ ಕೆನ್ನೆಯಿಂದ ಸಾಕಷ್ಟು ದೂರದಲ್ಲೇ ಇತ್ತು.

"ಸತ್ತ ಮೇಲೆ ಸ್ವಲ್ಪ ಬಿಟ್ಕೊಳ್ಳುತ್ತೆ," ಎಂದಳು ಕನ್ಸೆಪ್ಟಾ. ಎಲ್ಲರಿಗೂ ಸಮಾಧಾನವಾಯಿತು.

ಹತ್ತೂವರೆಯ ಹೊತ್ತಿಗೆ ಈ ವಿಷಯ ಮೊದಲಿಂದಲೂ ಗೊತ್ತಿದ್ದವರ ಸಂಖ್ಯೆ ನಾಲ್ಕಾಗಿತ್ತು, ಭಾನುವಾರದ ಪೂಜೆ ಮುಗಿಸಿ ಜನ ಬರುವ ಹೊತ್ತಿಗೆ ಹತ್ತು ಮಂದಿ. ಒಬ್ಬ ಬಿಳಿ ಕುದುರೆಯ ಹೆಸರನ್ನೂ ಹೇಳಿದ. ಮೊದಲ ದಿನ ಅಂಚೆಯವನ ಕೈ ಕುಲುಕಿದ್ದವರು ಈಗ ಎರಡನೆಯ ಸಲ ಬಂದು ಕುಲುಕಿದರು, ಈ ಸಲ ಹೆಚ್ಚು ಹೊತ್ತು ಹಿಡಿದುಕೊಂಡರು. ನೀನು ನಮ್ಮವನೇ ಅಂತ ಯಾವಾಗಲೂ ಅನ್ನಿಸ್ತಿತ್ತು ಎಂದರು. ಕ್ಲೇರ್ ತಂಡದ ಸಮಾಚಾರವನ್ನು ಯಾರೂ ಕೇಳಲಿಲ್ಲ. ನಲವತ್ತಾರು ವರ್ಷದಲ್ಲಿ ಅಂಥ ದಿನ ಅದೇ ಮೊದಲು. ಫಿಂಟನ್‌ಗೆ ಮುತ್ತಜ್ಜಿ ಮೇರಿಯ ಮೇಲೆ ನಿಧಾನವಾಗಿ ಅಕ್ಕರೆ ಹುಟ್ಟಿತು. ಜೇಮ್ಸಿ ಎಂದೂ ತಪ್ಪಿದವನಲ್ಲ. ತಾನು ಸುಳ್ಳೆಂದುಕೊಂಡು ಹೇಳಿದ್ದು ನಿಜವೇ ಇದ್ದೀತು ಎಂದು ಅವನು ನಂಬತೊಡಗಿದ.

ಕನ್ಸೆಪ್ಟಾ ಸಮಿತಿಯ ನಕ್ಷೆ ತಂದು ಬಿಡಿಸಿದಳು. ಗಿಲ್‌ಹೀನಿಗಳ ಗೋರಿ ಮೂರನೆಯ ಸಾಲಿನಲ್ಲಿ, ಕೆರೆಯ ಕಡೆಯ ಗೋಡೆಗೆ ಹತ್ತಿರ. ಕೊನೆಯವನನ್ನು ಇಳಿಸಿದ್ದು 1926ರಲ್ಲಿ. ಉಳಿದದ್ದು ಒಂದೇ ಕೆಲಸ. ಸೋಮವಾರ ಗೋರಿಯ ನೆಲ ಮುರಿಯಬಾರದು, ಮುರಿದರೆ ಅದೇ ಮನೆಯಲ್ಲಿ ವರ್ಷದೊಳಗೆ ಇನ್ನೊಂದು ಸಾವು. ಆದ್ದರಿಂದ ಮೊದಲ ಹುಲ್ಲುಹೆಂಟೆಯನ್ನು ಭಾನುವಾರ ಬೆಳಕಿರುವಾಗಲೇ ಮಗುಚಬೇಕು. ನವೆಂಬರ್ ಇಪ್ಪತ್ತು. ನಾಲ್ಕೂವರೆಗೆ ಮೊದಲೇ ಸೂರ್ಯ ಮುಳುಗುತ್ತಾನೆ.

ಹನ್ನೆರಡೂವರೆಗೆ ಹ್ಯೂಗಿ ರಿನ್ ಮೂವರೊಂದಿಗೆ ಸಲಿಕೆ ಹೊತ್ತು ಬಂದ. ಆ ಊರಲ್ಲಿ ಗೋರಿ ತೋಡುವುದು ನೆರೆಯವರ ಕರ್ತವ್ಯ. ಅದಕ್ಕೆ ಒಂದು ಬಟ್ಟಲು ಸೂಪು, ಒಂದು ಗುಟುಕು ವಿಸ್ಕಿ, ಅಷ್ಟೇ ಮರ್ಯಾದೆ. ಹ್ಯೂಗಿಗೆ ಅರವತ್ತು, ಮೂವತ್ತು ವರ್ಷದಿಂದ ತೋಡುವವರ ಮುಂದಾಳು ಅವನೇ. ಮಾತು ಕಡಿಮೆ. ಅವನು ಮೂರನೇ ಚಮಚ ಸೂಪು ಬಾಯಿಗಿಟ್ಟಾಗ ಕನ್ಸೆಪ್ಟಾ ಸಂಭ್ರಮದಿಂದ ಸುದ್ದಿ ಹೇಳಿದಳು.

ಹ್ಯೂಗಿ ಚಮಚ ಕೆಳಗಿಟ್ಟ. "ಯಾವ ಗಿಲ್‌ಹೀನಿ?"

"ಡ್ರಮ್‌ಶೀಲ್‌ನವರು."

ಹ್ಯೂಗಿ ಬಾಯಿ ಒರಸಿಕೊಂಡ. ಆಮೇಲೆ ಕೋರ್ಟಿನಲ್ಲಿ ಸಾಕ್ಷಿ ಹೇಳುವವನ ಹಾಗೆ, ದನಿ ಏರಿಸದೆ ಹೇಳಿದ. 1887, ಫೆಬ್ರವರಿ. ಗೇಣಿ ಕಟ್ಟಲಾರದ ರಿನ್‌ಗಳನ್ನು ಜಮೀನುದಾರನ ಕಡೆಯವರು ಡ್ರಮ್‌ಶೀಲ್‌ನ ಮನೆಯಿಂದ ಹಿಮದಲ್ಲಿ ಹೊರಗೆ ಹಾಕಿ, ಸೂರು ಕಿತ್ತರು. ರಸ್ತೆ ಬದಿಯ ಹಳ್ಳದಲ್ಲಿ ಮೂರು ವಾರದೊಳಗೆ ತಾಯಿಯೂ ಎರಡು ಮಕ್ಕಳೂ ಸತ್ತರು. ಹೊರಹಾಕಿಸಿಕೊಂಡವರ ಹೊಲವನ್ನು ಇಡೀ ತಾಲೂಕಿನಲ್ಲಿ ಯಾರೂ ಮುಟ್ಟಲಿಲ್ಲ. ಪೀಟರ್ ಗಿಲ್‌ಹೀನಿ ಒಬ್ಬ ಮುಟ್ಟಿದ, ಗೇಣಿಗೆ ಹಿಡಿದು ಉತ್ತ. ಅಂದಿನಿಂದ ಗಿಲ್‌ಹೀನಿಗಳಿಗೆ ಊರಲ್ಲಿ ಯಾರೂ ಉಪ್ಪು ಮಾರಲಿಲ್ಲ, ಗುಂಡಿ ತೋಡಲಿಲ್ಲ. ತಮ್ಮ ಹೆಣವನ್ನು ತಾವೇ ಕೈಗಾಡಿಯಲ್ಲಿ ತಳ್ಳಿಕೊಂಡು ಹೋಗಿ ಹೂತರು.

ಅಡುಗೆಮನೆಯಲ್ಲಿದ್ದವರಿಗೆಲ್ಲ ಇದು ಮೊದಲಿಂದಲೂ ಗೊತ್ತಿತ್ತು. ಕಾಲು ಗಂಟೆಯ ಹಿಂದಿನವರೆಗೆ ಬಿಳಿ ಕುದುರೆ ಮಾತ್ರ ನೆನಪಿಗೆ ಬಂದಿತ್ತು, ಅಷ್ಟೇ.

"ಮೇರಿ ಮದುವೆಯಾಗಿ ಹೋಗಿ ಆಗಲೇ ಎಂಟು ವರ್ಷ ಆಗಿತ್ತಲ್ಲ," ಎಂದ ಫಿಂಟನ್. ಹುಟ್ಟಿಯೇ ಇಲ್ಲದಿರಬಹುದಾದ ಹೆಂಗಸಿನ ಪರ ವಕಾಲತ್ತು ಮಾಡುತ್ತಿದ್ದೇನೆ ಎಂದು ಅವನಿಗೆ ಹೊಳೆದದ್ದು ಆಮೇಲೆ.

"ನಿಮ್ಮಮ್ಮನ ಮೇಲೆ ನಂಗೇನಿಲ್ಲ ಫಿಂಟನ್," ಎಂದ ಹ್ಯೂಗಿ. "ಆದ್ರೆ ಗಿಲ್‌ಹೀನಿಗೆ ರಿನ್ ಗುಂಡಿ ತೋಡಲ್ಲ."

ಒಳಕೋಣೆಯ ಬಾಗಿಲಲ್ಲಿ ನಿಂತು ಶಿಲುಬೆಯ ಗುರುತು ಮಾಡಿ ಅವನು ಹೊರಟ. ವಿಸ್ಕಿ ಲೋಟ ಹಾಗೇ ಉಳಿಯಿತು. ಅವನ ಹಿಂದೆ ಮೂರು ಸಲಿಕೆಗಳು ಹೋದವು. ಆಮೇಲೆ ಒಬ್ಬೊಬ್ಬರಿಗೂ ಮನೆಯಲ್ಲಿ ಕೆಲಸ ನೆನಪಾಯಿತು. ಮಧ್ಯಾಹ್ನ ಒಂದು ಗಂಟೆಗೆ ಹಸುಗಳು ಹಾಲು ಕರೆಸಿಕೊಳ್ಳಲು ಕಾಯತೊಡಗಿದವು. ಜೇಮ್ಸಿ ಯಾರ ಕಣ್ಣನ್ನೂ ನೋಡದೆ ಕೋಲು ಹುಡುಕಿಕೊಂಡು ಎದ್ದ. ಕನ್ಸೆಪ್ಟಾ ಕೊನೆಗೆ ಬಂದು, ಚಹಾ ಕಾಯಿಸುವ ದೊಡ್ಡ ಪಾತ್ರೆ ಸಮುದಾಯ ಭವನದ್ದು, ಅಲ್ಲಿ ಬೇಕಂತೆ ಎಂದು, ಇನ್ನೂ ಬಿಸಿಯಾಗಿದ್ದ ಅದನ್ನು ಮಗುವಿನ ಹಾಗೆ ಕೋಟಿನಲ್ಲಿ ಸುತ್ತಿ ಎತ್ತಿಕೊಂಡು ಹೋದಳು. ಒಂದೂವರೆಗೆ ಮನೆಯಲ್ಲಿ ಉಳಿದದ್ದು ಫಿಂಟನ್, ಡೀಲಿಯಾ ಮತ್ತು ನೂರ ಹದಿನಾರು ಹ್ಯಾಮ್ ಸ್ಯಾಂಡ್‌ವಿಚ್ಚುಗಳು.

ಫಿಂಟನ್ ತಾಯಿಯ ಕೋಣೆಯ ದೀಪ ಸರಿಮಾಡಿ, ಕೋಟು ಹಾಕಿ ಸೈಕಲ್ ಹತ್ತಿದ.

ಹ್ಯೂಗಿ ಕೊಟ್ಟಿಗೆಯಲ್ಲಿ ಕರುಗಳಿಗೆ ಹಾಲು ಕುಡಿಸುತ್ತಿದ್ದ. ಫಿಂಟನ್ ಬಾಗಿಲಲ್ಲೇ ನಿಂತು ಎಲ್ಲ ಒಪ್ಪಿಕೊಂಡ. ಅಜ್ಜಿಯ ಮಾತು ತಾನೇ ಕಟ್ಟಿದ್ದು, ತಾಯಿ ಗಿಲ್‌ಹೀನಿಯಲ್ಲ, ಕ್ಲೇರ್‌ನ ಶುದ್ಧ ಪರದೇಶಿ ಎಂದ. ಹ್ಯೂಗಿ ಕರುವಿನ ಮೂತಿ ಒರಸಿದ.

"ಪೀಟರ್ ಗಿಲ್‌ಹೀನಿನೂ ಚರ್ಚಲ್ಲಿ ಎದ್ದು ನಿಂತು, ಆ ಪೀಟರ್ ನಾನಲ್ಲ ಅಂದಿದ್ನಂತೆ," ಎಂದ.

"ನಾನು ಹೇಳೋದು ನಿಜ ಹ್ಯೂಗಿ. ಇಷ್ಟು ವರ್ಷ ನಿಂಗೆ ಕಾಗದ ತಂದುಕೊಟ್ಟಿದ್ದೀನಿ."

"ತಂದುಕೊಟ್ಟಿದ್ದೀಯ. ಇಷ್ಟು ವರ್ಷ ನಿನ್ನ ಹತ್ರ ಮಾತಾಡೋಕೆ ನಂಗೆ ಕಾರಣ ಇರ್ಲಿಲ್ಲ. ಈಗ ಮಾತಾಡದೇ ಇರೋಕೆ ಕಾರಣ ಇದೆ." ಅವನು ಕೊಟ್ಟಿಗೆಯ ಕೆಳಗಿನ ಅರ್ಧ ಬಾಗಿಲು ಹಾಕಿದ, ಆಮೇಲೆ ಮೇಲಿನದನ್ನೂ ಹಾಕಿದ.

ಫಿಂಟನ್ ಪಾದ್ರಿಯ ಮನೆಗೆ ಹೋದ. ಪಾದ್ರಿ ಮೊನಾಹನ್ ಕೌಂಟಿಯವರು, ಒಳ್ಳೆಯವರು. ಹೊಸ ಸ್ಮಶಾನದಲ್ಲಿ ಬೇಕಾದಷ್ಟು ಜಾಗವಿದೆ, ನೀರು ಕೂಡ ದೇವರದೇ ಸೃಷ್ಟಿ ಎಂದು ಸಮಾಧಾನ ಹೇಳಿದರು. ಹಳೆಯದರ ವಿಷಯ ಮಾತ್ರ ನನ್ನನ್ನು ಕೇಳಬೇಡ, ನಾನು ಬಂದು ಒಂಬತ್ತೇ ವರ್ಷವಾಯಿತು ಎಂದರು.

ಎರಡೂ ಮುಕ್ಕಾಲಿಗೆ ಫಿಂಟನ್ ಜೇಮ್ಸಿಯ ಬಾಗಿಲು ತಟ್ಟಿದ. ಮುದುಕ ಒಬ್ಬನೇ ಒಲೆಯ ಮುಂದೆ ಕೂತಿದ್ದ.

"ನೀವೇ ಹೋಗಿ ಹೇಳ್ಬೇಕು ಜೇಮ್ಸಿ. ಅಜ್ಜಿ ಕತೆ ನಾನೇ ಹುಟ್ಟಿಸಿದ್ದು."

"ಗೊತ್ತು," ಎಂದ ಜೇಮ್ಸಿ. "ನಿಮ್ಮಮ್ಮ ಐವತ್ಮೂರನೇ ಇಸವೀಲೇ ಹೇಳಿದ್ದಳು, ಇಲ್ಲಿಗೆ ಬರೋಕೆ ಮುಂಚೆ ಲೀಟ್ರಿಮ್ ಅನ್ನೋ ಹೆಸರೇ ಕೇಳಿರಲಿಲ್ಲ ಅಂತ."

ಫಿಂಟನ್ ಕುರ್ಚಿ ಎಳೆದುಕೊಂಡು ಕೂತ. ಹಾಗಾದರೆ ಮೇರಿ ಯಾರು ಎಂದು ಕೇಳಿದ. ಮೇರಿ ಯಾರೂ ಅಲ್ಲ. ಫಿಂಟನ್‌ಗೊಂದು ಒಣ ಗೋರಿ ಬೇಕಿತ್ತು, ಇಡೀ ಸ್ಮಶಾನದಲ್ಲಿ ತಕರಾರು ಮಾಡಲು ವಾರಸುದಾರರಿಲ್ಲದ ಗೋರಿ ಅದೊಂದೇ ಉಳಿದಿತ್ತು. ನೂರೇಳು ವರ್ಷ ಹಳೇ ಮಾತು, ಹ್ಯೂಗಿ ಇಷ್ಟು ಮನಸ್ಸಿಗೆ ಹಚ್ಚಿಕೊಂಡಿರುತ್ತಾನೆ ಅಂದುಕೊಂಡಿರಲಿಲ್ಲ ಎಂದು ಜೇಮ್ಸಿ ಪೇಚಾಡಿದ.

"ಅವನ ಮನೆಯವರನ್ನ ಕೊಂದ ಹಾಗಲ್ವಾ ಅದು? ಹಚ್ಚಿಕೊಳ್ಳದೆ ಇರ್ತಾನಾ?"

ಜೇಮ್ಸಿ ಕೋಲಿನಿಂದ ಬೆಂಕಿ ಕೆದಕಿದ. "ಅವನ ಮನೆಯವರಲ್ಲ," ಎಂದ. "ಆ ರಿನ್‌ಗಳಲ್ಲಿ ಬದುಕಿದವರು ಆಗಲೇ ಅಮೆರಿಕಕ್ಕೆ ಹೋದರು. ಹ್ಯೂಗಿ ಅಪ್ಪ ಕ್ಯಾವನ್ ಕಡೆಯಿಂದ ಕೂಲಿಗೆ ಬಂದವನು, ಕುದುರೆ ಲಾಯದಲ್ಲಿ ಮಲಗ್ತಿದ್ದ. ಅರವತ್ತೊಂದನೇ ಇಸವೀಲಿ ಸತ್ತ. ಹ್ಯೂಗಿ ಬಂದು, ನೀನು ಕೂತಿರೋ ಕುರ್ಚೀಲೇ ಕೂತು ಅತ್ತ. ಅಪ್ಪನ್ನ ಊರಿನವರ ಮಧ್ಯೆ ಮಲಗಿಸ್ಬೇಕು ಅಂದ. ರಿನ್‌ಗಳ ಗೋರಿ ಖಾಲಿ ಬಿದ್ದಿತ್ತು. ಹೆಸರು ಹೊಂದ್ತಿತ್ತು, ಕೊಟ್ಟೆ. ಅವಂದು ಹುಬ್ಬು ನೋಡಿ ಕೊಟ್ಟಿದ್ದು."

"ಆ ಹಿಮ, ಆ ಮಕ್ಕಳು?"

"ಅದೆಲ್ಲ ನಿಜ. ಅವನಿಗೆ ಹೇಳಿದ್ದು ನಾನೇ. ಸ್ವಲ್ಪ ಚೆನ್ನಾಗೇ ಹೇಳಿಬಿಟ್ಟೆ."

ಇದನ್ನೇ ಹೋಗಿ ಹ್ಯೂಗಿಗೆ ಹೇಳಿ ಎಂದು ಫಿಂಟನ್ ಅಂಗಲಾಚಿದ. ಜೇಮ್ಸಿ ತಲೆಯಾಡಿಸಿದ.

"ನಿಂದು ಸುಳ್ಳು ಅಂತ ಇವತ್ತು ಹೇಳಿದ್ರೆ ನಾಳೆ ಹ್ಯೂಗೀದು ಕೇಳ್ತಾರೆ. ನಾಡಿದ್ದು ಕನ್ಸೆಪ್ಟಾದು. ಈಸ್ಟರ್ ಬರೋ ಹೊತ್ತಿಗೆ ಈ ಊರಲ್ಲಿ ಯಾರಿಗೂ ಅಜ್ಜ ಇರಲ್ಲ."

"ನಿಮ್ಮ ಮನೆತನನೂ ಹಾಗೇನಾ?"

"ಅದನ್ನ ಎಲ್ಲಕ್ಕಿಂತ ಮೊದಲು ಮಾಡಿದ್ದು," ಎಂದ ಜೇಮ್ಸಿ. "ಕೈ ಕುದುರೋಕೆ."

ಫಿಂಟನ್ ಮನೆಗೆ ಹೋಗಿ ತೋಟದ ಸಲಿಕೆ ತಂದ. ಹಳೇ ಸ್ಮಶಾನದ ಕಬ್ಬಿಣದ ಗೇಟು ದಾಟಿದಾಗ ಮೂರೂ ಇಪ್ಪತ್ತು. ಗಾಳಿಯಿರಲಿಲ್ಲ, ಕೆರೆ ತಟ್ಟೆಯ ಹಾಗೆ ಬಿದ್ದಿತ್ತು. ಮೂರನೆಯ ಸಾಲಿನಲ್ಲಿ ಗಿಲ್‌ಹೀನಿಗಳ ಕಲ್ಲು ಒಂದು ಕಡೆಗೆ ವಾಲಿತ್ತು. ಅದರ ಪಕ್ಕದಲ್ಲೇ, ಎರಡು ಹೆಜ್ಜೆ ಆಚೆ, ರಿನ್‌ಗಳದ್ದು. ಅವನು ಟೋಪಿ ತೆಗೆದು, ಮೊದಲ ಹುಲ್ಲುಹೆಂಟೆಯನ್ನು ಕತ್ತರಿಸಿ ಮಗುಚಿದ. ಸೋಮವಾರದ ದೋಷ ಕಳೆಯಿತು. ಆದರೆ ಬೆಳಿಗ್ಗೆ ಒಬ್ಬನೇ ಪೂಜೆಗೆ ಮೊದಲು ಪೂರ್ತಿ ತೋಡಲಾಗುವುದಿಲ್ಲ ಎಂದು, ಆದಷ್ಟು ಈಗಲೇ ಎಂದು ಮುಂದುವರಿಸಿದ.

ಅಂಚೆಯವನ ಕಾಲು ಗಟ್ಟಿ, ಸೊಂಟ ಅಲ್ಲ. ಅರ್ಧ ಗಂಟೆಗೆ ಅಂಗೈಯಲ್ಲಿ ಬೊಬ್ಬೆ ಎದ್ದವು. ಒಂದು ಮೂಳೆ ಸಿಕ್ಕಿತು. ತನಗೆ ಏನೂ ಆಗಬೇಕಿಲ್ಲದ ಆ ಗಿಲ್‌ಹೀನಿಯ ಕ್ಷಮೆ ಕೇಳಿ ಅದನ್ನು ಕಲ್ಲಿನ ಬುಡದಲ್ಲಿ ಮೆಲ್ಲಗೆ ಇಟ್ಟ. ಅಮ್ಮನ ಮುಖ ನೆನಪಾಯಿತು. ಊರು ಮಾತು ಬಿಟ್ಟರೆ ಬಿಡಲಿ, ಅಮ್ಮ ಬೆಚ್ಚಗೆ ಒಣನೆಲದಲ್ಲಿ ಮಲಗುತ್ತಾಳೆ. ಕೊಟ್ಟ ಭಾಷೆ ಉಳಿಯಿತು. ಇಡೀ ದಿನದಲ್ಲಿ ಅವನಿಗೆ ಸಿಕ್ಕಿದ ಒಂದೇ ಸುಖ ಅದು.

ಮಂಡಿಯ ಮಟ್ಟಕ್ಕೆ ಇಳಿದಾಗ ಸಲಿಕೆಯ ಸದ್ದು ಬದಲಾಯಿತು. ಬೂಟಿನ ಸುತ್ತ ಮಣ್ಣು ಕಪ್ಪಾಗಿ ಹೊಳೆಯಿತು. ಮಳೆ ಬಂತೇ ಎಂದು ತಲೆ ಎತ್ತಿ ನೋಡಿದ. ಆಕಾಶ ಒಣಗಿತ್ತು. ಇನ್ನೂ ನಾಲ್ಕು ಸಲಿಕೆ ಮಣ್ಣು ತೆಗೆದ. ನೀರು ಕಾಲ್ಬೆರಳಿನ ಹತ್ತಿರ ತಣ್ಣಗೆ ಒಳಗೆ ಬಂತು, ಆಮೇಲೆ ಬೂಟಿನ ಕಟ್ಟು ಮುಳುಗಿತು.

"ನಮ್ಮ ಕಡೆ ಗುಂಡಿ ಗೋಡೆ ಕೆಡವಬೇಡ," ಎಂಬ ದನಿ ಕೇಳಿತು.

ಹ್ಯೂಗಿ ಮೇಲೆ ನಿಂತಿದ್ದ. ಅಭ್ಯಾಸವಿಲ್ಲದವನು ತೋಡುತ್ತಾ ಅಪ್ಪನ ಪೆಟ್ಟಿಗೆಗೆ ಸಲಿಕೆ ತಾಗಿಸಿಯಾನೆಂದು ನೋಡಲು ಬಂದಿದ್ದ. ಆಗ ನಾಲ್ಕೂ ಇಪ್ಪತ್ತು, ಕೆರೆಯಾಚೆಯ ಗುಡ್ಡ ಆಗಲೇ ಮಸುಕಾಗಿತ್ತು. ಹ್ಯೂಗಿ ಗುಂಡಿಯನ್ನು ನೋಡಿದ ರೀತಿಯಲ್ಲಿ ಆಶ್ಚರ್ಯವೇನೂ ಇರಲಿಲ್ಲ.

"ಇನ್ನೊಂದಡಿ ಹೋದ್ರೆ ಮೊಣಕಾಲಿಗೆ ಬರುತ್ತೆ," ಎಂದ.

"ಇದು ಒಣನೆಲ," ಎಂದ ಫಿಂಟನ್.

"ಯಾರು ಹೇಳಿದ್ದು?"

"ಎಲ್ಲರೂ."

"ತೋಡಿದವರು ಯಾರಾದ್ರೂ ಹೇಳಿದ್ರಾ?"

ಫಿಂಟನ್ ನೀರಿನಲ್ಲಿ ನಿಂತೇ ಯೋಚಿಸಿದ. ಯಾರೂ ಹೇಳಿರಲಿಲ್ಲ. ಹ್ಯೂಗಿ ಪಕ್ಕದ ಕಲ್ಲಿನ ಮೇಲೆ ಕೂತು, ಶತ್ರುವಿನ ಜೊತೆ ಆಡಬಹುದಾದಷ್ಟೇ ಮಾತಿನಲ್ಲಿ ವಿವರಿಸಿದ. ದಿಬ್ಬದ ಕೆಳಗೆ ನೀರಿನ ಊಟೆಯಿದೆ. ಕೆರೆಗಿಂತ ಇಲ್ಲೇ ನೀರು ಹೆಚ್ಚು. ಹೊಸ ಸ್ಮಶಾನದ ಗುಂಡಿ ಯಂತ್ರದಿಂದ ತೋಡಿ ಬಿಟ್ಟುಬಿಡುತ್ತಾರೆ, ಹಾಗಾಗಿ ನೀರು ಎಲ್ಲರಿಗೂ ಕಾಣುತ್ತದೆ. ಇಲ್ಲಿ ತೋಡುವವರು ಪೂಜೆಗೆ ಮುಂಚೆ ಬಂದು ಮೊಗೆದು ಹಾಕುತ್ತಾರೆ, ತಳಕ್ಕೆ ಎರಡು ಹೊರೆ ಒಣಹುಲ್ಲು, ಅದರ ಮೇಲೆ ಸೊಪ್ಪು. ಪೆಟ್ಟಿಗೆ ಇಳಿಸಿ ಮಣ್ಣು ಮುಚ್ಚುವವರೆಗೆ ಅದು ತಡೆಯುತ್ತದೆ. ಮನೆಯವರು ಗೇಟು ದಾಟುವಷ್ಟರಲ್ಲಿ ನೀರು ವಾಪಸು ಬಂದಿರುತ್ತದೆ.

"ನಿಮ್ಮಪ್ಪ?" ಎಂದ ಫಿಂಟನ್.

"ನೀರಲ್ಲೇ ಇದ್ದಾನೆ. ಎಲ್ಲರೂ." ಹ್ಯೂಗಿ ಆ ಕಲ್ಲಿನ ಮೇಲಿನ ಪಾಚಿಯನ್ನು ಹೆಬ್ಬೆರಳಿನಿಂದ ಕೆರೆದ. "ಆದ್ರೂ ತನ್ನ ಜನರ ಜೊತೆ ಇದ್ದಾನಲ್ಲ."

ಹೇಳಿಬಿಡಬಹುದಿತ್ತು. ಕ್ಯಾವನ್, ಕುದುರೆ ಲಾಯ, ಹುಬ್ಬು, ಮೂರೇ ಮಾತು ಸಾಕಿತ್ತು. ಹೇಳಿದರೆ ಆ ಮುದಿ ಕೂಲಿಯವನು ಮೂವತ್ತಮೂರು ವರ್ಷದ ಮೇಲೆ ನೀರಿನಿಂದ ಎದ್ದು ಲಾಯಕ್ಕೆ ನಡೆಯಬೇಕಾಗುತ್ತಿತ್ತು. ಫಿಂಟನ್ ಸಲಿಕೆಯನ್ನು ಗುಂಡಿಯ ಅಂಚಿಗೆ ಎತ್ತಿಟ್ಟ. ತಲುಪಿಸದೆ ಉಳಿಸಿಕೊಂಡ ಮೊದಲ ಕಾಗದ ಅದು.

ಅವನು ಗುಂಡಿಯಿಂದ ಮೇಲೆ ಬರಲು ಕೈ ಚಾಚಿದ. ಹ್ಯೂಗಿ ಕೈ ಕೊಡಲಿಲ್ಲ. ಎದ್ದು ಕೋಟು ಕೊಡವಿಕೊಂಡು, ಇದು ಊರಿನವರಿಗೆ ಮಾತ್ರ ಗೊತ್ತಿರುವ ವಿಷಯ, ಹೊರಗಿನವರ ಮುಂದೆ ಬಾಯಿಬಿಡಬಾರದು ಎಂದು ತಾಕೀತು ಮಾಡಿದ. ಗೇಟಿನ ತನಕ ಹೋದವನು ನಿಂತು ತಿರುಗಿದ.

"ಗೋಡೆ ಹಿಂದೆ ಬಕೆಟ್ ಇದೆ. ಬೆಳಿಗ್ಗೆ ಆರಕ್ಕೆ ಶುರುಮಾಡು. ನಾಲ್ಕು ಜನಕ್ಕೇ ಎರಡು ಗಂಟೆ ಬೇಕಾಗುತ್ತೆ."